ಹಗೇವಿನೊಳಗಿನ ಎಡಗೈ

ಈಗಿನ ಅಂಗಡಿಗಳಲ್ಲಿ ಸಬ್‌ವೂಫರ್ ಅಂತ ಒಂದು ಕರಿ ಡಬ್ಬಿ ಮಾರುತ್ತಾರೆ. ತಗ್ಗಿನ ದನಿಗಾಗಿಯೇ ಮಾಡಿದ ಡಬ್ಬಿ ಅದು. ಅಂಗಡಿಯವರು ಅದನ್ನು ಹಚ್ಚಿ, ಎದೆ ನಡುಗುತ್ತದೋ ಇಲ್ಲವೋ ನೋಡಿ ಎಂದು ನನ್ನನ್ನು ಮುಂದೆ ನಿಲ್ಲಿಸುತ್ತಾರೆ. ನಾನು ಕಣ್ಣು ಮುಚ್ಚಿಕೊಂಡು, ಡಬ್ಬಿ ಕೋಣೆಯ ಯಾವ ಮೂಲೆಯಲ್ಲಿದೆ ಎಂದು ಹುಡುಕುತ್ತೇನೆ. ಸುಲಭಕ್ಕೆ ಸಿಕ್ಕಿಬಿಟ್ಟರೆ ಜೋಡಣೆ ಸರಿಯಿಲ್ಲ ಅಂತ ಹೇಳಿ ಹೊರಟು ಬರುತ್ತೇನೆ. ಮುದುಕನಿಗೆ ಕಿವಿ ಹೋಗಿದೆ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ. ಈ ಪರೀಕ್ಷೆಯನ್ನು ನನಗೆ ಕಲಿಸಿದವರು ಕುಷ್ಟಗಿಯ ಒಬ್ಬ ತಬಲಾ ಮಾಸ್ತರರು. ಅವರಿಗೆ ರೇಡಿಯೊದ ವಾಲ್ವಿಗೂ ಮನೆಯ ಬಲ್ಬಿಗೂ ವ್ಯತ್ಯಾಸ ಗೊತ್ತಿರಲಿಲ್ಲ.

ನನ್ನದು ಕೊಪ್ಪಳದಲ್ಲಿ ರೇಡಿಯೊ ರಿಪೇರಿ ಅಂಗಡಿ. ಎಪ್ಪತ್ತರ ದಶಕದಲ್ಲಿ ಅಲ್ಲಿಗೆ ಬರುತ್ತಿದ್ದವೆಲ್ಲ ಹೆಚ್ಚಾಗಿ ವಾಲ್ವಿನ ಸೆಟ್ಟುಗಳೇ. ಸ್ವಿಚ್ ಹಾಕಿದರೆ ಗಾಜಿನ ಬುರುಡೆಯೊಳಗೆ ತಂತಿ ನಿಧಾನಕ್ಕೆ ಕೆಂಪಾಗಿ, ಅರ್ಧ ನಿಮಿಷ ಕಾದ ಮೇಲೆ ದನಿ ಹೊರಡುವಂಥವು. ಆಮೇಲೆ ಟ್ರಾನ್ಸಿಸ್ಟರ್ ಬಂದು ಎಲ್ಲವೂ ಹಗುರಾದವು. ನಾನು ಮಾತ್ರ ವಾಲ್ವು ಬಿಡಲಿಲ್ಲ. ಗಂಗಾವತಿಯ ಅಕ್ಕಿ ಗಿರಣಿಯ ಯಜಮಾನರೊಬ್ಬರು ನನ್ನ ಆಂಪ್ಲಿಫೈಯರನ್ನು ನೋಡಿ, ಇದರ ಮೇಲೆ ಚಹಾ ಕಾಯಿಸಬಹುದಲ್ಲ ಎಂದು ನಕ್ಕರು ಅಂತ ಅವರ ರೇಡಿಯೊವನ್ನು ಬಿಚ್ಚದೆ ವಾಪಸು ಕೊಟ್ಟು ಕಳಿಸಿದ್ದೆ. ಸಿಟ್ಟು ಆಗ ನನ್ನ ಮೂಗಿನ ತುದಿಯಲ್ಲೇ ಇರುತ್ತಿತ್ತು. ಮನೆಯವಳು ಅದಕ್ಕೆ ನಿಮ್ಮ ಮೂಗೂ ವಾಲ್ವೇ, ಆದರೆ ಕಾಯಲಿಕ್ಕೆ ಅರ್ಧ ನಿಮಿಷವೂ ಬೇಡ ಅನ್ನುತ್ತಿದ್ದಳು.

ಅದೇ ಕಾಲಕ್ಕೆ ಸ್ಟೀರಿಯೊ ಹುಚ್ಚು ನಮ್ಮ ಕಡೆಗೂ ಬಂತು. ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರು ಬರುವಾಗ ಎರಡೆರಡು ಪುಟ್ಟ ಸ್ಪೀಕರಿನ ಡಬ್ಬಿ ತರುತ್ತಿದ್ದರು. ಅಂಥದ್ದೊಂದು ಜೋಡಿ ರಿಪೇರಿಗೆ ಬಂದಾಗ ಒಳಗಿನ ಅಳತೆಯೆಲ್ಲ ತೆಗೆದುಕೊಂಡು, ತೇಗದ ಹಲಗೆಯಲ್ಲಿ ನಾನೇ ಮಾಡತೊಡಗಿದೆ. ಒಂದೂವರೆ ಗೇಣು ಎತ್ತರ, ಒಂದು ಗೇಣು ಅಗಲ. ಗೋಡೆಯ ಗೂಡಿನಲ್ಲಿ ಇಟ್ಟರೆ ದೀಪ ಇಟ್ಟಷ್ಟೇ ಜಾಗ. ಹಾಡುವವರ ಉಸಿರು ಸಹಿತ ಕೇಳಿಸುತ್ತಿತ್ತು. ವಕೀಲರು, ಡಾಕ್ಟರು, ಕಾಲೇಜಿನ ಮಾಸ್ತರರು ಹೇಳಿ ಮಾಡಿಸಿಕೊಂಡರು. ನನ್ನ ಕಾಲು ನೆಲದ ಮೇಲಿರಲಿಲ್ಲ.

ತಬಲಾ ಮಾಸ್ತರರ ಪರಿಚಯ ಅದಕ್ಕೂ ಹಿಂದಿನದು. ಅವರು ನಾಟಕಕ್ಕೂ ಭಜನೆಗೂ ತಬಲಾ ಬಾರಿಸುತ್ತ, ಮನೆಯಲ್ಲಿ ಹತ್ತಾರು ಮಂದಿಗೆ ಕಲಿಸುತ್ತ ಇದ್ದವರು. ಅಣ್ಣನ ಹೊಲದಿಂದ ಪಾಲಿನ ಜೋಳ ಬರುತ್ತಿತ್ತು. ತಬಲಾ ಅಂದರೆ ಎರಡು ವಾದ್ಯ: ಬಲಗೈಗೆ ತಬಲಾ, ಎಡಗೈಗೆ ಡಗ್ಗಾ. ಊರಿನ ಬಹಳಷ್ಟು ಬಾರಿಸುವವರಿಗೆ ಬಲಗೈ ಓಡುತ್ತದೆ, ಎಡಗೈ ಬರಿ ಬಡಿಯುತ್ತದೆ. ಇವರ ಎಡಗೈ ಬಡಿಯುತ್ತಿರಲಿಲ್ಲ. ಬೆರಳು ಬಿದ್ದ ಮೇಲೆ ಅಂಗೈಯ ಬುಡವನ್ನು ಚರ್ಮದ ಮೇಲೆ ಒತ್ತಿ ಮುಂದಕ್ಕೆ ಸರಿಸುತ್ತಿದ್ದರು. ಗುಂ ಎಂದು ತಳದಲ್ಲಿ ಹುಟ್ಟಿದ ನಾದ ಮೇಲಕ್ಕೇರಿ ಮತ್ತೆ ಇಳಿಯುತ್ತಿತ್ತು. ಒಂದೇ ಪೆಟ್ಟಿನಲ್ಲಿ ಮಾತು, ಅದಕ್ಕೆ ಉತ್ತರ, ಎರಡೂ ಇರುತ್ತಿದ್ದವು. ಅದನ್ನು ಕೇಳಲೆಂದೇ ನಾನು ಅಂಗಡಿ ಮುಚ್ಚಿ ಕುಷ್ಟಗಿಯ ಬಸ್ಸು ಹತ್ತಿದ್ದಿದೆ.

ನನ್ನ ಹತ್ತಿರ ಒಂದು ಹಳೆಯ ಸ್ಪೂಲ್ ಟೇಪ್ ರೆಕಾರ್ಡರ್ ಇತ್ತು, ದೊಡ್ಡ ಚಕ್ರಗಳದ್ದು. ಒಂದು ಬೆಳಿಗ್ಗೆ ಮಾಸ್ತರರನ್ನು ಇಟಗಿಗೆ ಕರೆದುಕೊಂಡು ಹೋಗಿ, ಗುಡಿಯ ಮಂಟಪದಲ್ಲಿ ಕೂಡಿಸಿ, ಬರೀ ತಬಲಾವನ್ನೇ ಮೂರು ಟೇಪು ತುಂಬ ಹಿಡಿದೆ. ನನ್ನ ಹೆಂಡತಿ ಕಟ್ಟಿಕೊಟ್ಟ ರೊಟ್ಟಿ ಬುತ್ತಿ ತಿಂದು, ಸಂಜೆ ಬಸ್ಸಿಗೆ ವಾಪಸಾದೆವು. ಅದು ದೊಡ್ಡ ಕೆಲಸ ಅಂತ ನಮ್ಮಿಬ್ಬರಿಗೂ ಆಗ ಅನ್ನಿಸಿರಲಿಲ್ಲ. ನನಗೆ ನನ್ನ ಮೈಕು ಪರೀಕ್ಷೆ ಮಾಡುವುದಿತ್ತು, ಅಷ್ಟೇ.

ಎಂಬತ್ತರ ದಶಕ ಶುರುವಾದ ಮೇಲೆ ಮಾಸ್ತರರಿಗೆ ಲಕ್ವಾ ಹೊಡೆಯಿತು. ಬಾಯಿ ತುಸು ಸೊಟ್ಟಗಾಗಿ ಸರಿಹೋಯಿತು, ಕಾಲು ಎಳೆಯುತ್ತ ನಡೆಯುವಂತಾಯಿತು. ಎಡಗೈ ಮಾತ್ರ ಬರಲಿಲ್ಲ. ನಾನು ನೋಡಲು ಹೋದಾಗ ಅವರು ಆ ಕೈಯನ್ನು ಬಲಗೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು, ನಿದ್ದೆ ಹೋದ ಕೂಸನ್ನು ಎತ್ತಿಟ್ಟ ಹಾಗೆ. ನನಗೆ ಅಳು ಬಂತು. ಅವರೇ ನನ್ನನ್ನು ಸಮಾಧಾನ ಮಾಡಿ ಚಹಾ ತರಿಸಿದರು.

ಕಲಿಯಲು ಬರುತ್ತಿದ್ದವರು ಒಬ್ಬೊಬ್ಬರಾಗಿ ಬಿಟ್ಟರು. ಉಳಿದವಳು ಮಗಳು, ಹದಿನೆಂಟು ವರ್ಷದವಳು. ಹೆಣ್ಣುಮಗಳು ತಬಲಾ ಬಾರಿಸುವುದೇನು ಎಂದು ಓಣಿಯವರು ಮೂಗು ಮುರಿದರೂ ಅವಳು ಕೇಳಲಿಲ್ಲ. ಬಲಗೈಯದನ್ನು ಅಪ್ಪ ಬಾರಿಸಿ ತೋರಿಸಬಲ್ಲವರಾಗಿದ್ದರು. ಎಡಗೈಯದನ್ನು ಬಾಯಲ್ಲಿ ಹೇಳಬೇಕಿತ್ತು, ಅದು ಬಾಯಲ್ಲಿ ಹೇಳಿ ಬರುವಂಥದ್ದಲ್ಲ. ಆಗ ಇಟಗಿಯ ಟೇಪುಗಳ ನೆನಪಾಯಿತು. ನಾನು ಸಂಭ್ರಮದಿಂದ ಟೇಪ್ ರೆಕಾರ್ಡರು, ನಾನೇ ಕಟ್ಟಿದ ವಾಲ್ವಿನ ಆಂಪ್ಲಿಫೈಯರು, ತೇಗದ ಪುಟ್ಟ ಸ್ಪೀಕರುಗಳ ಜೋಡಿ, ಎಲ್ಲವನ್ನೂ ಅವರ ಮನೆಗೆ ಒಯ್ದು, ಪಡಸಾಲೆಯ ಎರಡು ಗೂಡುಗಳಲ್ಲಿ ಸ್ಪೀಕರು ಕೂಡಿಸಿ, ತಂತಿ ಜೋಡಿಸಿ ಕೊಟ್ಟು ಬಂದೆ. ಮಾಸ್ತರರ ಬಲಗೈ ಸ್ಫಟಿಕದಷ್ಟು ಸ್ವಚ್ಛವಾಗಿ ಹೊರಬಂತು. ನಾನು ಅವರ ವಿದ್ಯೆಯನ್ನೇ ಉಳಿಸಿಬಿಟ್ಟೆ ಎಂಬ ಠೀವಿಯಲ್ಲಿ ಕೊಪ್ಪಳಕ್ಕೆ ಮರಳಿದೆ.

ಆರು ತಿಂಗಳು ಆ ಕಡೆ ಹೋಗಲಾಗಲಿಲ್ಲ. ಮತ್ತೆ ಹೋದಾಗ ಹೊರಗಿನ ಕಟ್ಟೆ ಹತ್ತುವಾಗಲೇ ತಬಲಾದ ಸದ್ದು ಕೇಳಿಸಿತು. ಬಲಗೈ ಅಪ್ಪನದೇ ಅಚ್ಚು. ಡಗ್ಗಾ ಮಾತ್ರ ಟಪ್ ಟಪ್ ಎಂದು ಒಣಗಿ ಬೀಳುತ್ತಿತ್ತು, ಗುಂ ಎನ್ನುವುದರ ಗಾಳಿಯೂ ಇರಲಿಲ್ಲ. ಒಳಗೆ ಮಾಸ್ತರರು ಮಗಳ ಮೇಲೆ ರೇಗುತ್ತಿದ್ದರು. ಇಷ್ಟು ತಿಂಗಳಾದರೂ ನಿನ್ನ ಎಡಗೈಗೆ ಜೀವ ಬರಲಿಲ್ಲ, ಡಗ್ಗಾಕ್ಕೆ ನಾದ ಅನ್ನುವುದು ಇರುತ್ತದೆ, ನಿನಗೆ ಅದು ಬೇಕಾಗಿಲ್ಲ ಎಂದೆಲ್ಲ. ಹುಡುಗಿ ತಲೆ ತಗ್ಗಿಸಿ ಕೇಳಿಸಿಕೊಂಡಳು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದಳು:

“ಅಪ್ಪಾ, ಟೇಪಿನ್ಯಾಗ ನೀ ಹೆಂಗ ಬಾರಿಸೀಯೋ ನಾನೂ ಹಂಗ ಬಾರಸಾಕತ್ತೀನಿ. ಬೇಕಾರ ಹಚ್ಚತೀನಿ, ಕೇಳು.”

ಹಚ್ಚಿದಳು. ನಾನೂ ಕೂತು ಕೇಳಿದೆ. ಅವಳು ಹೇಳಿದ್ದು ನಿಜ. ಪುಟ್ಟ ಸ್ಪೀಕರಿನಿಂದ ಬರುತ್ತಿದ್ದುದು ಬೆರಳು ಚರ್ಮಕ್ಕೆ ಬಿದ್ದ ಸದ್ದು ಮಾತ್ರ. ಅಂಗೈ ಸರಿದು ಹುಟ್ಟುವ ತಗ್ಗಿನ ನಾದವನ್ನು ಹೊರಡಿಸುವ ಶಕ್ತಿ ಆ ಗೇಣಗಲದ ಡಬ್ಬಿಗೆ ಇರಲಿಲ್ಲ. ಟೇಪಿನಲ್ಲಿ ಅದು ಇತ್ತು. ನನ್ನ ಸ್ಪೀಕರಿನಲ್ಲಿ ಇರಲಿಲ್ಲ. ಹುಡುಗಿ ಆರು ತಿಂಗಳು ಹಗಲೆಲ್ಲ ಕೂತು ಕಲಿತದ್ದು ಅಪ್ಪನ ಎಡಗೈಯನ್ನಲ್ಲ, ನನ್ನ ಡಬ್ಬಿಯ ಕೊರತೆಯನ್ನು. ನನ್ನ ಮುಖದ ನೀರಿಳಿದು ಹೋಯಿತು.

ಅದಕ್ಕಿಂತ ಕಷ್ಟದ್ದು ಮುಂದೆ ಇತ್ತು. ಟೇಪು ಮುಗಿದು ಮಗಳು ನೀರು ತರಲು ಒಳಗೆ ಹೋದಾಗ ಮಾಸ್ತರರು ನನ್ನ ಕಡೆ ಬಾಗಿ ಕೇಳಿದರು:

“ತಮ್ಮಾ, ಖರೇ ಹೇಳು. ನಾ ಹಿಂಗ ಬಾರಸ್ತಿದ್ನೇನು?”

ಕೈ ಹೋದದ್ದನ್ನು ಅವರು ಹೇಗೋ ಹೊಟ್ಟೆಗೆ ಹಾಕಿಕೊಂಡಿದ್ದರು. ಈಗ, ಆ ಕೈ ಹಿಂದೆಯೂ ಇರಲಿಲ್ಲವೇನೋ ಎಂಬ ಸಂಶಯ ಅವರನ್ನು ತಿನ್ನತೊಡಗಿತ್ತು. ಮಂದಿ ಹೊಗಳಿದ್ದೆಲ್ಲ ಮುಖಸ್ತುತಿ ಇದ್ದಿರಬೇಕು ಎಂದೂ ಅಂದರು. ಇಲ್ಲ ಮಾಸ್ತರ್ರ, ತಪ್ಪು ನಂದು, ಡಬ್ಬಿದು ಎಂದು ನಾನು ಎಷ್ಟು ಹೇಳಿದರೂ, ಯಂತ್ರ ಸುಳ್ಳು ಹೇಳುತ್ತದೇನು ಎಂದು ತಲೆಯಾಡಿಸಿದರು. ಟೇಪು ಉಜ್ಜಿಕೊಂಡು ಓಡುವ ರೆಕಾರ್ಡರಿನ ತಲೆಯನ್ನು ಒರೆಸಿ ನೋಡಿದೆ. ಬಟ್ಟೆಗೆ ಕಂದು ಪುಡಿ ಹತ್ತಿತು. ಟೇಪು ಸವೆಯುತ್ತಿತ್ತು, ಮೂರರಲ್ಲಿ ಒಂದು ಆಗಲೇ ಎರಡು ಕಡೆ ತುಂಡಾಗಿತ್ತು. ಅವು ಪುಡಿಯಾಗುವುದರೊಳಗೆ ಆ ಎಡಗೈಯನ್ನು ಹುಡುಗಿಯ ಕಿವಿಗೆ ಮುಟ್ಟಿಸಬೇಕಿತ್ತು, ಅಪ್ಪನ ಕಿವಿಗೂ.

ತಗ್ಗಿನ ದನಿಗೆ ಬೇರೆಯೇ ದೊಡ್ಡ ಸ್ಪೀಕರು ಬೇಕು, ಅದಕ್ಕೆ ಬೇರೆಯೇ ಆಂಪ್ಲಿಫೈಯರು ಬೇಕು ಎಂಬುದು ನನಗೆ ಓದಿ ಗೊತ್ತಿತ್ತು, ಮಾಡಿ ಗೊತ್ತಿರಲಿಲ್ಲ. ಯಲಬುರ್ಗಾದಲ್ಲಿ ಒಬ್ಬರು ಟೂರಿಂಗ್ ಟಾಕೀಸು ನಡೆಸಿ ನಿಲ್ಲಿಸಿದ್ದರು. ಪರದೆಯ ಹಿಂದಿನ ಸ್ಪೀಕರು ಮತ್ತು ವಾಲ್ವಿನ ದೊಡ್ಡ ಆಂಪ್ಲಿಫೈಯರು ಅವರ ದನದ ಕೊಟ್ಟಿಗೆಯಲ್ಲಿ ಬಿದ್ದಿದ್ದವು. ಸಂಗತಿ ಕೇಳಿದ ಮೇಲೆ ಅವರು, ಒಯ್ಯಿರಿ, ಇಲ್ಲಿ ಗುಬ್ಬಿ ಗೂಡು ಕಟ್ಟುವುದಕ್ಕಿಂತ ಅಲ್ಲಿ ತಬಲಾ ಬಾರಿಸಲಿ ಎಂದು ಎತ್ತಿಕೊಟ್ಟರು. ಬಸ್ಸಿನ ಕಂಡಕ್ಟರರು ಅದನ್ನು ಟಾಪಿನ ಮೇಲೆ ಹಾಕು ಎಂದರು. ನಾನು ಜಗಳ ತೆಗೆದು ತಾಟಿನಷ್ಟು ಅಗಲದ ಸ್ಪೀಕರನ್ನು ಮಡಿಲಲ್ಲೇ ಇಟ್ಟುಕೊಂಡು ಕುಷ್ಟಗಿಯ ತನಕ ಬಂದೆ.

ಅಂಥ ಸ್ಪೀಕರಿಗೆ ಹಿಂದೆ ದೊಡ್ಡ ಪೆಟ್ಟಿಗೆ ಬೇಕು. ಲೆಕ್ಕ ಹಾಕಿದರೆ ಪೆಟ್ಟಿಗೆ ಕಪಾಟಿನಷ್ಟಾಗುತ್ತಿತ್ತು, ಪಡಸಾಲೆಯಲ್ಲಿ ಮಲಗುವವರಿಗೆ ಜಾಗ ಉಳಿಯುತ್ತಿರಲಿಲ್ಲ. ಆಗ ನನ್ನ ಕಣ್ಣು ಮೂಲೆಯ ಹಗೇವಿನ ಮೇಲೆ ಬಿತ್ತು. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಜೋಳ ಇಡಲು ನೆಲದೊಳಗೆ ತೋಡಿದ ಕಣಜವದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ದೊಡ್ಡ ಕೋಣೆಯಷ್ಟು, ಮೇಲೆ ಕಲ್ಲಿನ ಮುಚ್ಚಳ. ಆ ಹೊತ್ತಿಗೆ ಅದರಲ್ಲಿ ಕಾಳು ಇರಲಿಲ್ಲ. ತಳಕ್ಕೂ ಸುತ್ತಲಿನ ಗೋಡೆಗೂ ಹಾಸಿದ ಹುಲ್ಲು, ಹೊಟ್ಟು ಮಾತ್ರ ಇತ್ತು. ಗಟ್ಟಿ ಗರಸಿನ ನೆಲ. ಇಂಥ ಅಲುಗಾಡದ ಪೆಟ್ಟಿಗೆಯನ್ನು ಯಾವ ಬಡಿಗ ಮಾಡಿಕೊಟ್ಟಾನು? ಬಾಯಿಗೆ ದಪ್ಪ ಹಲಗೆ ಕೂಡಿಸಿ, ಹಲಗೆಗೆ ಸ್ಪೀಕರು ಬಿಗಿದರೆ ಮುಗಿಯಿತು ಎಂದು ಕುಣಿದುಬಿಟ್ಟೆ.

ಮಾಸ್ತರರ ಹೆಂಡತಿಗೆ ನಾನು ಅಕ್ಕಾರ ಅನ್ನುತ್ತಿದ್ದೆ. ಅವರು ಹಗೇವು ಕೊಡಲು ಒಪ್ಪಿದರು, ಆದರೆ ಹುಲ್ಲು ತೆಗೆಯಬೇಡ ಎಂದರು. ಹುಲ್ಲಿಲ್ಲದ ಹಗೇವು ಹಗೇವೇ ಅಲ್ಲ, ಹಾಗೆ ಬರಿದು ಬಿಡಬಾರದು ಎಂದು ಎರಡು ಸಲ ಹೇಳಿದರು. ನನಗೆ ಅದು ಹೆಂಗಸರ ಶಾಸ್ತ್ರ ಅನ್ನಿಸಿತು. ದನಿಯ ವಿಷಯ ನನಗೆ ಬಿಡಿ ಅಕ್ಕಾರ ಎಂದು, ತುಸು ಗದರಿಯೇ ಹೇಳಿ, ಆಳು ಇಳಿಸಿ ಹುಲ್ಲು ಹೊಟ್ಟನ್ನೆಲ್ಲ ಗುಡಿಸಿ ತೆಗೆಸಿದೆ. ಸಾಲದ್ದಕ್ಕೆ ಗೋಡೆಗೆ ಸಿಮೆಂಟು ಬಳಿಸಿ ನುಣ್ಣಗೆ ಮಾಡಿಸಿದೆ. ಅವರು ಆ ಹುಲ್ಲನ್ನು ಹಿತ್ತಲಲ್ಲಿ ಒಟ್ಟಿ ಮೇಲೆ ಚಾಪೆ ಮುಚ್ಚಿಟ್ಟರು. ಯಾಕೆ ಅಂತ ನಾನು ಕೇಳಲಿಲ್ಲ.

ಸಿಮೆಂಟು ಒಣಗಿದ ಮೇಲೆ ಹಲಗೆ ಕೂಡಿಸಿ, ಸಂದಿಗೆಲ್ಲ ಕಲಸಿದ ಅರಲು ಮಣ್ಣು ಮೆತ್ತಿ, ಟಾಕೀಸಿನ ಆಂಪ್ಲಿಫೈಯರು ಜೋಡಿಸಿ ಟೇಪು ಹಚ್ಚಿದೆ. ಮೊದಲ ಡಗ್ಗಾದ ಪೆಟ್ಟಿಗೆ ಅಡುಗೆ ಮನೆಯ ತಾಟುಗಳು ಮಾತಾಡಿದವು. ಜಂತಿಯಿಂದ ಮಣ್ಣು ಉದುರಿತು. ಓಣಿಯ ಮಂದಿ ಬಾಗಿಲಿಗೆ ಬಂದು ನಿಂತು, ಭಾಳ ಛಲೋ ಐತಿ ಎಂದರು. ನಾನು ನನ್ನ ಜೀವಮಾನದ ಕೆಲಸ ಮುಗಿಯಿತು ಎಂಬ ಹಾಗೆ ಮಾಸ್ತರರ ಮುಖ ನೋಡಿದೆ. ಅವರು ಕಣ್ಣು ತೆರೆಯದೆಯೇ ಹೇಳಿದರು:

“ದನಿ ದೊಡ್ಡದೈತಿ ತಮ್ಮಾ. ಆದ್ರ ಇದರಾಗ ಕೈ ಇಲ್ಲ.”

ನಾನು ಸಿಡಿದೆ. ಇಷ್ಟು ದೊಡ್ಡ ನಾದ ಈ ಜಿಲ್ಲೆಯಲ್ಲೇ ಯಾರ ಮನೆಯಲ್ಲೂ ಇಲ್ಲ, ನಿಮಗೆ ಇನ್ನೇನು ಬೇಕು ಎಂದು, ಹೇಳಬಾರದ್ದನ್ನೂ ಒಂದೆರಡು ಹೇಳಿ, ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಅರ್ಧ ದಾರಿಗೇ ಗೊತ್ತಾಯಿತು, ಅವರು ಹೇಳಿದ್ದು ಸರಿ. ಪ್ರತಿ ಪೆಟ್ಟೂ ಒಂದೇ ಗುಡುಗಾಗಿ, ಒಂದು ಮುಗಿಯುವ ಮೊದಲೇ ಇನ್ನೊಂದು ಅದರ ಮೇಲೆ ಬೀಳುತ್ತಿತ್ತು. ಏರಿಳಿತ ಎಲ್ಲಿ ಕೇಳಬೇಕು? ಗೊತ್ತಾದರೂ ಹದಿನೈದು ದಿನ ಹೋಗಲಿಲ್ಲ. ತಪ್ಪಿನ ಜೊತೆ ನಾಚಿಕೆಯೂ ಸೇರಿತ್ತು.

ಹೋದಾಗ ಯಾರೂ ಹಳೆಯದನ್ನು ಎತ್ತಲಿಲ್ಲ. ಅಕ್ಕಾರು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಬಂದು, ಹಲಗೆ ತೆಗೆಸಿ, ಹಗೇವಿನ ಬಾಯಿಯ ಹತ್ತಿರ ನನ್ನನ್ನು ಕೂಡಿಸಿದರು.

“ಬರಿ ಹಗೇವು ಒದರತೈತಿ ತಮ್ಮಾ. ನೀನ ಬಾಗಿ ಮಾತಾಡಿ ನೋಡು. ಹುಲ್ಲು, ಕಾಳು ಇದ್ರ ಸುಮ್ಮನಿರತೈತಿ.”

ಬಾಗಿ ಮಾತಾಡಿದೆ. ನನ್ನ ಮಾತು ಗೋಡೆಯಿಂದ ಗೋಡೆಗೆ ಹೊಡೆದು ಗೊಂಯ್ ಎಂದು ತಿರುಗಿ ಬಂತು. ನುಣ್ಣಗೆ ಸಿಮೆಂಟು ಬಳಿಸಿ ಅದನ್ನು ಮತ್ತಷ್ಟು ಒದರುವಂತೆ ಮಾಡಿದವನು ನಾನೇ. ಅವರು ಸಣ್ಣವರಿದ್ದಾಗಿಂದ ಹಗೇವಿಗೆ ಇಳಿದು ಕಾಳು ತುಂಬಿದವರು, ತೆಗೆದವರು. ಯಾವ ಮಟ್ಟಕ್ಕೆ ಕಾಳಿದ್ದರೆ ಒಳಗೆ ನಿಂತವರ ಮಾತು ಹೇಗೆ ಕೇಳುತ್ತದೆ ಎಂದು ಅವರಿಗೆ ಗೊತ್ತಿತ್ತು. ಪುಸ್ತಕ ಓದಿದ ನನಗೆ ಗೊತ್ತಿರಲಿಲ್ಲ. ತಪ್ಪಾಯಿತು ಅಕ್ಕಾರ ಎಂದೆ. ಅವರು ನಕ್ಕು, ಹಿತ್ತಲಿನ ಹುಲ್ಲು ತೋರಿಸಿದರು.

ಕೆಟ್ಟ ಗಾಳಿ ಇದ್ದೀತೆಂದು ಮೊದಲು ದೀಪ ಇಳಿಬಿಟ್ಟು, ಅದು ಆರದಿದ್ದುದನ್ನು ನೋಡಿ, ಅಕ್ಕಾರೇ ಸೆರಗು ಬಿಗಿದು ಇಳಿದರು. ನಾನು ಮೇಲಿನಿಂದ ಹುಲ್ಲು ಕೊಡುತ್ತ ಹೋದೆ. ಗೋಡೆಗೆ ದಪ್ಪಗೆ ಒತ್ತಿ ಒತ್ತಿ ಸುತ್ತಿದರು. ತಳಕ್ಕೆ ಮೂರು ಚೀಲ ಜೋಳ ಸುರಿಸಿದರು, ಅದರ ಮೇಲೆ ಹೊಟ್ಟು. ನಡುನಡುವೆ ಒಳಗಿನಿಂದಲೇ ಒಂದು ಕೂಗು ಹಾಕಿ, ಇನ್ನೂ ಸಾಲದು ಎನ್ನುವರು. ಕೊನೆಗೆ ಅವರ ಕೂಗು ತಿರುಗಿ ಬರುವುದು ನಿಂತಿತು. ಅವರು ಮೇಲೆ ಬಂದಾಗ ಕೂದಲ ತುಂಬ ಹೊಟ್ಟು. ದನಿಯ ಕೆಲಸವನ್ನು ಇಷ್ಟು ಚೆನ್ನಾಗಿ ಬಲ್ಲ ಇನ್ನೊಬ್ಬರನ್ನು ನಾನು ಆವರೆಗೆ ನೋಡಿರಲಿಲ್ಲ.

ಆ ದಿನ ಟೇಪು ಹಚ್ಚಿದಾಗ ಗುಡುಗು ಹೋಗಿತ್ತು. ಆಮೇಲೆ ಶುರುವಾದದ್ದು ಜೋಡಣೆಯ ಕೆಲಸ. ವಾರಕ್ಕೊಮ್ಮೆ ಹೋಗುತ್ತಿದ್ದೆ, ಅದೂ ಬೆಳಗಿನ ಹೊತ್ತು. ಮಧ್ಯಾಹ್ನ ಪಂಪ್‌ಸೆಟ್ಟುಗಳು ಶುರುವಾದರೆ ಕರೆಂಟು ಇಳಿದು ವಾಲ್ವುಗಳು ಮಂಕಾಗುತ್ತಿದ್ದವು. ವಾಲ್ವಿನ ಸಣ್ಣ ಆಂಪ್ಲಿಫೈಯರಿಗೆ ಬಲ ಕಡಿಮೆ, ತಗ್ಗಿನ ದನಿ ಅದರ ಬಲವನ್ನೆಲ್ಲ ತಿಂದುಹಾಕುತ್ತದೆ. ಹಾಗಾಗಿ ಪುಟ್ಟ ಸ್ಪೀಕರುಗಳಿಗೆ ತಗ್ಗಿನ ದನಿ ಹೋಗದಂತೆ ತಂತಿಯ ದಾರಿಯಲ್ಲಿ ಕೆಪಾಸಿಟರು ಹಾಕಿದೆ. ಸುಟ್ಟ ಟ್ರಾನ್ಸ್‌ಫಾರ್ಮರಿನ ತಾಮ್ರದ ತಂತಿ ಬಿಚ್ಚಿ ಸುರುಳಿ ಸುತ್ತಿ, ಹಗೇವಿನ ಸ್ಪೀಕರಿಗೆ ತಗ್ಗಿನದು ಮಾತ್ರ ಹೋಗುವಂತೆ ಮಾಡಿದೆ. ಮೈಮೇಲಿನ ಹೊರೆ ಇಳಿದದ್ದೇ ತಡ, ಪುಟ್ಟ ಸ್ಪೀಕರುಗಳು ಮೊದಲಿಗಿಂತ ಬಿಚ್ಚಿಕೊಂಡು ಹಾಡಿದವು. ನನ್ನ ತೇಗದ ಡಬ್ಬಿಗಳ ಮೇಲೆ ನನಗೆ ಮತ್ತೆ ಪ್ರೀತಿ ಬಂತು.

ಆದರೆ ಸುರುಳಿಗೆ ಎಷ್ಟು ಸುತ್ತು, ದೊಡ್ಡದು ಎಷ್ಟು ಜೋರಿರಬೇಕು ಎಂಬುದನ್ನು ಅಳೆಯುವ ಯಂತ್ರ ನನ್ನ ಹತ್ತಿರ ಇರಲಿಲ್ಲ. ಮಾಸ್ತರರೇ ಯಂತ್ರ. ಅವರು ಗೂಡುಗಳಿಗೆ ಎದುರಾಗಿ ಕೂತು, ಬಲಗೈಯ ಅಂಗೈಯನ್ನು ನೆಲದ ಮೇಲೆ ಊರಿ ಕೇಳುತ್ತಿದ್ದರು. ಒಂದು ದಿನ, ಎಡಗೈ ಬಲಗೈಗೆ ಬೆನ್ನು ಕೊಟ್ಟು ಕೂತ ಹಾಗಿದೆ ಎಂದರು. ನಾನು ಏನೇನೋ ಬಿಚ್ಚಿ ಕಟ್ಟಿ ಕೊನೆಗೆ ನೋಡಿದರೆ, ದೊಡ್ಡ ಸ್ಪೀಕರಿನ ಎರಡು ತಂತಿ ಅದಲುಬದಲಾಗಿದ್ದವು. ಪುಟ್ಟವು ಮುಂದಕ್ಕೆ ತಳ್ಳುವಾಗ ಇದು ಹಿಂದಕ್ಕೆ ಎಳೆಯುತ್ತಿತ್ತು. ತಂತಿ ತಿರುಗಿಸಿದೆ. ಈಗ ಮುಖಾಮುಖಿ ಕೂತವು ಎಂದರು. ಬೆಸುಗೆ ಹಾಕುವ ಕಡ್ಡಿಯನ್ನು ಒಮ್ಮೆಯೂ ಹಿಡಿಯದ ಮನುಷ್ಯ! ನಾನು ಅವರ ಕಾಲು ಮುಟ್ಟುವುದೊಂದು ಬಾಕಿ.

ಜೋರು ಎಷ್ಟು ಎಂಬುದರಲ್ಲಿ ನಮ್ಮಿಬ್ಬರಿಗೂ ತಿಂಗಳುಗಟ್ಟಲೆ ವಾದ ನಡೆಯಿತು. ನನ್ನ ಕೈ ತಾನಾಗಿಯೇ ದನಿಯ ಬಿರಡೆಯನ್ನು ತಿರುವಿ ಏರಿಸುತ್ತಿತ್ತು. ಅಷ್ಟು ಕಷ್ಟಪಟ್ಟು ಮಾಡಿದ್ದು ಕೇಳಿಸದಿದ್ದರೆ ಹೇಗೆ? ಮಾಸ್ತರರು ಇಳಿಸು, ಇನ್ನೂ ಇಳಿಸು ಎನ್ನುತ್ತಲೇ ಇದ್ದರು. ಕೊನೆಗೆ ಒಂದು ದಿನ ನಾನು, ಹೀಗೆ ಇಳಿಸಿದರೆ ಅದು ಇರುವುದು ಯಾರಿಗೂ ಗೊತ್ತಾಗುವುದಿಲ್ಲ ಎಂದು ಗೊಣಗಿದೆ.

“ಐತಿ ಅಂತ ಗೊತ್ತಾಗಬಾರದು,” ಎಂದರು ಮಾಸ್ತರರು. “ತಗದ್ರ ಮಾತ್ರ ಇಲ್ಲ ಅಂತ ಗೊತ್ತಾಗಬೇಕು.”

ಬಿರಡೆಯನ್ನು ಅವರು ಹೇಳಿದಲ್ಲಿಗೆ ತಂದು ಕೈ ಬಿಟ್ಟೆ. ಟೇಪು ಓಡಿತು. ಕಿವಿಗೆ ಗೂಡುಗಳು, ಡಬ್ಬಿಗಳು, ಹಗೇವು, ಯಾವುದೂ ಇಲ್ಲ. ಪಡಸಾಲೆಯ ನಡುವೆ, ಕಂಬದ ಪಕ್ಕ, ಯಾರೋ ತಬಲಾ ಇಟ್ಟುಕೊಂಡು ಕೂತಿದ್ದರು. ಬೆರಳು ಬಿತ್ತು, ಅಂಗೈ ಸರಿಯಿತು, ಗುಂ ಎಂದು ತಳದಿಂದ ಎದ್ದ ನಾದ ಮೇಲೇರಿ, ಒಂದು ಕ್ಷಣ ನಿಂತು, ಇಳಿಯಿತು. ಹುಡುಗಿ ಬಾಯಿ ತೆರೆದು ಕೂತಳು. ಅಕ್ಕಾರು ಒಳಗಿನಿಂದ ಬಂದು ಬಾಗಿಲಲ್ಲೇ ನಿಂತುಬಿಟ್ಟರು. ಮಾಸ್ತರರು ತೊಡೆಯ ಮೇಲಿನ ಎಡಗೈಯನ್ನು ಬಲಗೈಯಿಂದ ಎತ್ತಿ ನೆಲದ ಮೇಲೆ ಅಂಗಾತ ಅಲ್ಲ, ಬೋರಲು ಇಟ್ಟರು, ಡಗ್ಗಾದ ಮೇಲೆ ಇಡುವ ಹಾಗೆ. ಇದು ನನ್ನ ಕೈ ಎಂದರು. ಅವರ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನನ್ನದರಲ್ಲೂ.

ಮರುದಿನದಿಂದ ಹುಡುಗಿ ಹೊಸದಾಗಿ ಶುರು ಮಾಡಿದಳು. ಆರು ತಿಂಗಳ ತಪ್ಪನ್ನು ಕೈಯಿಂದ ಬಿಡಿಸಲು ಅವಳಿಗೆ ಒಂದು ವರ್ಷಕ್ಕೂ ಹೆಚ್ಚು ಹಿಡಿಯಿತು. ನಾನು ಆಗಾಗ ಹೋಗಿ ಟೇಪು ಅಂಟಿಸಿ, ಸುಸ್ತಾದ ವಾಲ್ವು ಬದಲಿಸಿ ಬರುತ್ತಿದ್ದೆ. ಎರಡು ಟೇಪು ಪೂರ್ತಿ ಹೋದವು. ಉಳಿದ ಒಂದರಲ್ಲಿಯೂ ಅಲ್ಲಲ್ಲಿ ದನಿ ಹಾರುತ್ತಿತ್ತು. ಅವಳು ಹನುಮಸಾಗರದ ಕಡೆ ಶಾಲೆಯೊಂದರಲ್ಲಿ ಕೆಲಸಕ್ಕೆ ಸೇರಿದ ಮೇಲೂ ದಿನಾ ಬೆಳಿಗ್ಗೆ ಬಸ್ಸಿಗೆ ಮೊದಲು ಒಂದು ತಾಸು ಕೂರುತ್ತಿದ್ದಳು. ಬೇಸರ ಪಟ್ಟದ್ದನ್ನು ನಾನು ನೋಡಲಿಲ್ಲ.

ಕೊನೆಗೆ ಒಂದು ರವಿವಾರ ಬೆಳಿಗ್ಗೆ ಹೋದೆ. ಟೇಪು ಓಡುತ್ತಿತ್ತು, ಹುಡುಗಿ ಡಗ್ಗಾವೊಂದನ್ನೇ ಮುಂದಿಟ್ಟುಕೊಂಡು ಅಪ್ಪನ ಎಡಗೈಯ ಜೊತೆ ತನ್ನ ಎಡಗೈಯನ್ನು ಸೇರಿಸುತ್ತಿದ್ದಳು. ಮಾಸ್ತರರು ಎಂದಿನಂತೆ ನೆಲಕ್ಕೆ ಅಂಗೈ ಊರಿ ಕೂತಿದ್ದರು. ನಾನು ಕೂರುವ ಮೊದಲೇ, ಟೇಪು ಓಡಲಿ, ದೊಡ್ಡದನ್ನು ಬಂದ್ ಮಾಡು ಎಂದರು. ಮತ್ತೇನು ಕೆಟ್ಟಿತೋ ಎಂದುಕೊಂಡು ಟಾಕೀಸಿನ ಆಂಪ್ಲಿಫೈಯರಿನ ಸ್ವಿಚ್ ಆರಿಸಿದೆ. ವಾಲ್ವಿನ ಕೆಂಪು ನಿಧಾನಕ್ಕೆ ಇಂಗಿತು.

ದನಿಯಲ್ಲಿ ಏನೂ ಕಡಿಮೆಯಾಗಲಿಲ್ಲ. ಗೂಡಿನ ಪುಟ್ಟ ಸ್ಪೀಕರುಗಳಿಂದ ಇಟಗಿಯ ಆ ಬೆಳಗಿನ ಬಲಗೈ ಬರುತ್ತಿತ್ತು, ಹುಡುಗಿಯ ಎಡಗೈ ಅದರ ಕೆಳಗೆ ಏರಿ ಇಳಿಯುತ್ತಿತ್ತು. ಎರಡು ಕಡೆಯಿಂದ ಬರುತ್ತಿದೆ ಎಂದು ನನ್ನ ಕಿವಿಗೆ ಗೊತ್ತಾಗಲಿಲ್ಲ. ಸ್ವಿಚ್ ಆರಿದೆಯೋ ಇಲ್ಲವೋ ಎಂದು ನಾನು ಬಾಗಿ ಹಲಗೆಯ ಮೇಲೆ ಕೈಯಿಟ್ಟು ನೋಡಿದೆ. ಸ್ಪೀಕರು ಅಲುಗುತ್ತಿರಲಿಲ್ಲ. ಮಾಸ್ತರರು ನನ್ನನ್ನು ನೋಡಿ ನಕ್ಕರು, ಆಮೇಲೆ ಅಡುಗೆ ಮನೆಯ ಕಡೆ ತಿರುಗಿ ಹೆಂಡತಿಗೆ ಕೂಗಿ ಹೇಳಿದರು:

“ಇನ್ನ ಹಗೇವಿನ್ಯಾಗ ಜೋಳ ತುಂಬಕೊ.”